ಬಾಡಿಗೆಯ ಮನೆಗೊಂದು ಎಚ್ಚರಿಕೆಯ ಗಂಟೆ

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಅನ್ನ, ಬಟ್ಟೆ, ವಸತಿ ಈ ಮೂರೂ ಮನುಷ್ಯನ ಮೊದಲ ಅವಶ್ಯಕತೆಗಳೆಂದು ಅರ್ಥಶಾಸ್ತ್ರದ ಮೊದಲನೆಯ ಪಾಠದಲ್ಲಿಯೇ ನಾವೆಲ್ಲರೂ ಓದಿರುತ್ತೇವೆ. ಅನ್ನ ಹಳಸಿದ್ದರೆ ಮೂಗಿಗೆ ತಿಳಿಯುತ್ತದೆ. ಬಟ್ಟೆ ಹರಿದಿದ್ದರೆ ಕಣ್ಣಿಗೆ ಕಾಣುತ್ತದೆ. ವಸತಿಯ ದೋಷವಾದರೋ ಹಾಗಲ್ಲ. ಅದು ಗೋಡೆಯೊಳಗಣ ತಂತಿಯಲ್ಲಿ, ಬಚ್ಚಲಿನ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಮೀಟರು ಹಲಗೆಯಲ್ಲಿ ಅಡಗಿ ಕುಳಿತಿರುತ್ತದೆ. ತನ್ನ ಹೊತ್ತು ಬಂದಾಗ ಮಾತ್ರ ಹೊರಗೆ ಬರುತ್ತದೆ. ಸ್ವಂತ ಮನೆಯವನಿಗೆ ಆ ದೋಷದ ಸುಳಿವಾದರೂ ಇರಬಹುದು. ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದು ಹೋಗುವ ಬಾಡಿಗೆದಾರನಿಗೆ ಅದು ತಿಳಿಯುವ ಬಗೆ ಹೇಗೆ?

ಈ ಪ್ರಶ್ನೆ ನನ್ನ ತಲೆಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಕೊಠಡಿಯಲ್ಲಿ ನಡೆದ ಒಂದು ಘಟನೆಯಿಂದ ಬಂದುದು. ಅದನ್ನು ಮೊದಲು ಹೇಳಿ, ಅನಂತರ ನನ್ನ ಅಭಿಪ್ರಾಯವನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿದ್ದಬೇಕು.

ನಾವು ನಾಲ್ವರು ಹಳ್ಳಿಯ ಹುಡುಗರು ಕಾಲೇಜಿಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ ಒಂದು ಮಹಡಿಯ ಕೊಠಡಿಯನ್ನು ಹಿಡಿದಿದ್ದೇವೆ. ಬಾಡಿಗೆ ತಿಂಗಳಿಗೆ 6,000 ರೂಪಾಯಿ, ಮುಂಗಡ 30,000. ಮುಂಗಡದಲ್ಲಿ ನನ್ನ ಪಾಲಿನ ಹಣಕ್ಕಾಗಿ ನಮ್ಮ ತಂದೆ ಒಂದು ಹಸುವನ್ನು ಮಾರಿದರು. ಕೊಠಡಿಗೆ ಸೇರಿದಂತೆ ನಾಲ್ಕಡಿ ಅಗಲ, ಐದಡಿ ಉದ್ದದ ಬಚ್ಚಲು. ಅದರ ಒಳಗೋಡೆಗೇ ಗ್ಯಾಸ್ ಗೀಸರನ್ನು ಹೊಡೆದಿತ್ತು. ಮೇಲುಗಡೆ ಒಂದು ಗವಾಕ್ಷಿ. ಹಾಸನದ ಸೀಮೆಯ ಧನುರ್ಮಾಸದ ಚಳಿ ಎಂತಹುದೆಂಬುದನ್ನು ಇಲ್ಲಿಯ ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ಮೈಮೇಲೆ ನೀರು ಬಿದ್ದೊಡನೆ ಗವಾಕ್ಷಿಯಿಂದ ಗಾಳಿ ಸುಂಯ್ಯೆಂದು ನುಗ್ಗುತ್ತಿತ್ತು. ನಾವು ಒಂದು ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಆ ಗವಾಕ್ಷಿಗೆ ತುರುಕಿದೆವು. ಬುದ್ಧಿವಂತರ ಕೆಲಸ ಮಾಡಿದೆವೆಂದು ನಮ್ಮನ್ನು ನಾವೇ ಮೆಚ್ಚಿಕೊಂಡೆವು.

ಆ ಮೇಲೆ ಎರಡು ಮೂರು ವಾರಗಳ ಕಾಲ ಸ್ನಾನವಾದ ಬಳಿಕ ಎಲ್ಲರಿಗೂ ತಲೆನೋವು. ಪರೀಕ್ಷೆ ಹತ್ತಿರವಿತ್ತಾದ್ದರಿಂದ ಅದು ಓದಿನ ತಲೆನೋವೆಂದು ನಾವು ನಂಬಿದೆವು. ಅದಕ್ಕಾಗಿ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆವೆಂದರೆ ಸುಳ್ಳಲ್ಲ.

ಒಂದು ಬೆಳಿಗ್ಗೆ ಇಬ್ಬರ ಸ್ನಾನವಾಗಿತ್ತು. ಗೀಸರು ಉರಿಯುತ್ತಲೇ ಇತ್ತು. ಮೂರನೆಯವನಾಗಿ ಸಕಲೇಶಪುರದ ಕಡೆಯ ಮಿತ್ರ ಒಳಹೊಕ್ಕ. ಕೆಲವು ನಿಮಿಷಗಳ ಮೇಲೆ ಚೊಂಬು ನೆಲಕ್ಕೆ ಬಿದ್ದ ಸದ್ದು. ಅದರ ಹಿಂದೆಯೇ ಮತ್ತೊಂದು, ಭಾರವಾದ ಸದ್ದು. ಕೂಗಿದರೆ ಉತ್ತರವಿಲ್ಲ. ಆ ಬಚ್ಚಲಿನ ಚಿಲಕ ಸಡಿಲವಾಗಿತ್ತು. ಅದನ್ನು ಸರಿಮಾಡಿಸಿಕೊಡಿರೆಂದು ಮನೆಯ ಯಜಮಾನರಿಗೆ ನಾವು ಮೂರು ಸಲ ಹೇಳಿದ್ದೆವು, ಅವರು ಮಾಡಿಸಿರಲಿಲ್ಲ. ಆದಕಾರಣ ಒಂದೇ ಗುದ್ದಿಗೆ ಬಾಗಿಲು ತೆರೆಯಿತು. ಮಿತ್ರನನ್ನು ಎಳೆದು ಬಯಲು ಗಾಳಿಗೆ ತಂದು ಮಲಗಿಸಿ, ಕಂಬಳಿ ಹೊದೆಸಿ, ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟರು. ಎರಡನೆಯ ದಿನ ಎದ್ದು ಕುಳಿತು, ತನಗೇನಾಯಿತೆಂದು ನಮ್ಮನ್ನೇ ಕೇಳಿದ. ಒಂದು ಕೆಲಸವನ್ನು ಮಾಡದೆ ಬಿಟ್ಟ ಅಲಕ್ಷ್ಯ ಅವನನ್ನು ಉಳಿಸಿತು. ಇನ್ನೊಂದು ಅಲಕ್ಷ್ಯ ಅವನನ್ನು ಕೊಲ್ಲುತ್ತಿತ್ತು. ಒಬ್ಬನ ಪ್ರಾಣ ಇಷ್ಟು ತೆಳುವಾದ ಎಳೆಯ ಮೇಲೆ ತೂಗಾಡಬೇಕೆ?

ಇದರ ಕಾರಣ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ಉರಿಯುವ ವಸ್ತುವಿಗೆ ಸಾಕಷ್ಟು ಗಾಳಿ ದೊರೆಯದೆ ಹೋದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಾಗಿ ಇದು ಅಂಟಿಕೊಳ್ಳುತ್ತದೆ; ಹೀಗೆ ಅಂಟಿಕೊಂಡು ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಅನಂತರ ಪ್ರಜ್ಞೆ ತಪ್ಪುವುದು, ಕಡೆಗೆ ಸಾವು. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗೀಸರು ಉರಿಯುತ್ತ ಹೋದಂತೆ ಆಮ್ಲಜನಕ ಕಡಮೆಯಾಗಿ ಈ ವಿಷ ಹೆಚ್ಚುತ್ತ ಹೋಗುತ್ತದೆ. ಮೊದಲ ಇಬ್ಬರು ನಡೆದು ಹೊರಬಂದು, ಮೂರನೆಯವನು ಬಿದ್ದುದರ ರಹಸ್ಯ ಇಷ್ಟೆ. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟುಕೊಂಡು, ಬಾಗಿಲು ಭದ್ರಪಡಿಸಿ ಮಲಗುವವರನ್ನು ಹೊಂಚುವುದೂ ಇದೇ ಅನಿಲವೇ.

ನಮ್ಮ ಊರಿನ ಮನೆಯಲ್ಲಿ ಅಮ್ಮ ಇಂದಿಗೂ ಸೌದೆಯ ಒಲೆಯಲ್ಲಿ ನೀರು ಕಾಯಿಸುತ್ತಾಳೆ. ಹೊಗೆ ಕಣ್ಣನ್ನು ಉರಿಸಿ, ಕೆಮ್ಮಿಸಿ, ಕಡೆಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಹಳ್ಳಿಯ ಮನೆಗೆ ನೂರು ಕುಂದುಗಳಿರಬಹುದು. ಹೊಗೆಯನ್ನು ಬಚ್ಚಿಟ್ಟುಕೊಳ್ಳುವ ಕುಂದು ಮಾತ್ರ ಇರಲಿಲ್ಲ. ಪಟ್ಟಣದ ಕಾಂಕ್ರೀಟು ಮನೆಯಲ್ಲಿ ಹೊಗೆಗೆ ಹಾದಿಯಿಲ್ಲ. ನಮ್ಮ ಒಲೆಯಲ್ಲಿ ಹೊಗೆಯೇ ಕಾಣುವುದಿಲ್ಲ. ಕಾಣದುದಕ್ಕೆ ನಾವು ಹೆದರುವುದಿಲ್ಲ. ಕಣ್ಣು ಮೂಗುಗಳು ಸೋತ ಸ್ಥಳದಲ್ಲಿ ನಮ್ಮ ಪರವಾಗಿ ಎಚ್ಚರವಾಗಿರಬಲ್ಲ ಒಂದು ಸಾಧನ ಬೇಕೆಂಬುದು ಇಲ್ಲಿಂದಲೇ ಸಿದ್ಧವಾಗುತ್ತದೆ.

ಅಂತಹ ಸಾಧನ ಹೊಸದೇನೂ ಅಲ್ಲ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕೆಲಸಗಾರರು ಪಂಜರದೊಳಗೆ ಪುಟ್ಟ ಕ್ಯಾನರಿ ಹಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಈ ಅನಿಲಕ್ಕೆ ಮನುಷ್ಯನಿಗಿಂತ ಮುಂಚೆ ಹಕ್ಕಿ ಸೋಲುತ್ತಿತ್ತು. ಹಕ್ಕಿ ತೂಗಾಡಿತೆಂದರೆ ಕೆಲಸಗಾರರು ಮೇಲಕ್ಕೆ ಓಡುತ್ತಿದ್ದರು. 1986ರಲ್ಲಿ ಆ ಹಕ್ಕಿಗಳ ಬದಲಿಗೆ ಯಂತ್ರಗಳನ್ನಿಡಲು ಅಲ್ಲಿ ತೀರ್ಮಾನವಾಯಿತು. ಇಂದು ಅಂಗೈಯಗಲದ ಒಂದು ಪೆಟ್ಟಿಗೆ ಆ ಹಕ್ಕಿಯ ಕೆಲಸವನ್ನು ಮಾಡುತ್ತದೆ. ಆ ಪೆಟ್ಟಿಗೆಯಿಲ್ಲದ ನಮ್ಮ ಕೊಠಡಿಯಲ್ಲಿ ಹಕ್ಕಿಯಾದವನು ನಮ್ಮ ಮಿತ್ರ.

ಇರಲಿ. ಸುದ್ದಿ ತಿಳಿದೊಡನೆ ಮನೆಯ ಯಜಮಾನರು ಆಸ್ಪತ್ರೆಗೆ ಬಂದರು. ಅವರು ಕೆಟ್ಟವರಲ್ಲ, ಹಬ್ಬಕ್ಕೆ ನಮ್ಮನ್ನು ಕರೆದು ಒಬ್ಬಟ್ಟು ಬಡಿಸಿದವರು. ಮಿತ್ರನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಹೊರಗೆ ಬಂದಮೇಲೆ ನನ್ನನ್ನು ಕೇಳಿದರು: “ಗವಾಕ್ಷಿ ಮುಚ್ಚಿದೋರು ನೀವೇ ಅಲ್ಲವೇನಪ್ಪಾ?”

ನಾನು ತಲೆ ತಗ್ಗಿಸಿದೆ. ಮುಚ್ಚಿದವರು ನಾವೇ. ಅದನ್ನು ಈ ಲೇಖನದಲ್ಲಿಯೂ ಮುಚ್ಚಿಡುವುದಿಲ್ಲ. ಆದರೆ ಆ ರಾತ್ರಿಯೆಲ್ಲ ಅವರ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ನನ್ನೊಳಗೆ ಏಳುತ್ತಿತ್ತು: ಗವಾಕ್ಷಿಯನ್ನು ಮುಚ್ಚಬಾರದೆಂದು ನಮಗೆ ಹೇಳಬೇಕಾಗಿದ್ದವರು ಯಾರು? ಗೀಸರನ್ನು ಬಚ್ಚಲಿನೊಳಗೆ ಹೊಡೆಸಿದವರು ಯಾರು?

ನಮ್ಮ ಕರಾರು ಪತ್ರವನ್ನು ತೆಗೆದು ಓದಿದೆ. ಛಾಪಾ ಕಾಗದದ ಮೇಲೆ ಎರಡು ಪುಟ. ಗೋಡೆಗೆ ಮೊಳೆ ಹೊಡೆಯಕೂಡದು, ಮಾಂಸಾಹಾರ ಮಾಡಕೂಡದು, ರಾತ್ರಿ ಹತ್ತು ಗಂಟೆಯ ಮೇಲೆ ಅತಿಥಿಗಳು ಇರಕೂಡದು, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳಲಾಗುವುದು. ಹೀಗೆ ಹದಿನಾಲ್ಕು ಷರತ್ತುಗಳು. ಅವುಗಳಲ್ಲಿ ತಂತಿಯ ವಿಷಯವಾಗಿ, ಗ್ಯಾಸಿನ ವಿಷಯವಾಗಿ, ಬೆಂಕಿಯ ವಿಷಯವಾಗಿ ಒಂದು ಮಾತೂ ಇಲ್ಲ. ನಾವು ಗೋಡೆಗೆ ಮೊಳೆ ಹೊಡೆದರೆ ಮುರಿದುಕೊಳ್ಳಲು ಯಜಮಾನರ ಬಳಿ ನಮ್ಮ ಮುಂಗಡವಿದೆ. ಗೋಡೆ ನಮಗೆ ಕೇಡುಮಾಡಿದರೆ ಮುರಿದುಕೊಳ್ಳಲು ನಮ್ಮ ಬಳಿ ಅವರದೇನಿದೆ?

ಈ ಹನ್ನೊಂದು ತಿಂಗಳ ಪದ್ಧತಿಯ ಮೂಲವೂ ಸ್ವಾರಸ್ಯವಾಗಿದೆ. ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರಗಳನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು; ಆ ಖರ್ಚು ತಪ್ಪಲೆಂದು ಹನ್ನೊಂದು ತಿಂಗಳು. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹೋಗಿ 1999ರ ಬಾಡಿಗೆ ಕಾಯಿದೆ ಬಂದಿತು. ಬಾಡಿಗೆ ಎಷ್ಟಿರಬೇಕು, ಬಾಡಿಗೆದಾರನನ್ನು ಎಂದು ಬಿಡಿಸಬಹುದು ಎಂಬುದೇ ಇವುಗಳ ಮುಖ್ಯ ಚಿಂತೆ. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ರಿಪೇರಿಗಳ ಒಂದು ಪಟ್ಟಿಯೇ ಇದೆ. ಮನೆಯ ವಿದ್ಯುತ್ ತಂತಿಗಳ ದುರಸ್ತಿ ಮಾಲೀಕನ ಪಾಲು. ಗೀಸರು, ಸ್ವಿಚ್ಚು, ಸಾಕೆಟ್ಟುಗಳ ರಿಪೇರಿ ಬಾಡಿಗೆದಾರನ ಪಾಲು. ಕೆಟ್ಟುದನ್ನು ಸರಿಪಡಿಸುವ ಹೊಣೆಯನ್ನು ಹೀಗೆ ಹಂಚಿದ್ದಾಗಿದೆ. ಆದರೆ ನಮ್ಮ ಗೀಸರು ಕೆಟ್ಟಿರಲಿಲ್ಲ. ಚೆನ್ನಾಗಿಯೇ ಉರಿಯುತ್ತಿತ್ತು. ಕೆಟ್ಟಿದ್ದುದು ಅದನ್ನಿಟ್ಟ ಜಾಗ. ರಿಪೇರಿ ಬೇರೆ, ರಕ್ಷಣೆ ಬೇರೆ ಎಂಬ ಭೇದವನ್ನು ನಾವಿನ್ನೂ ಕಲಿತಿಲ್ಲ.

ಕಲಿತವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರ್ 1ರಿಂದ ಖಾಸಗಿ ಬಾಡಿಗೆ ಮನೆಯ ಮಾಲೀಕನು ಜನ ವಾಸಿಸುವ ಪ್ರತಿಯೊಂದು ಅಂತಸ್ತಿನಲ್ಲಿಯೂ ಹೊಗೆಯ ಅಲಾರಂ ಒಂದನ್ನು ಇಡಲೇಬೇಕು. ಸೌದೆ ಅಥವಾ ಕಲ್ಲಿದ್ದಲು ಉರಿಸುವ ಕೋಣೆಯಲ್ಲಿ ಮಾನಾಕ್ಸೈಡಿನ ಅಲಾರಂ ಇಡಬೇಕು. 2022ರ ಅಕ್ಟೋಬರ್ 1ರಿಂದ ಈ ನಿಯಮವನ್ನು ಗ್ಯಾಸಿನಿಂದ ನೀರು ಕಾಯಿಸುವ ಯಂತ್ರಗಳಿಗೂ ವಿಸ್ತರಿಸಿದರು. ಅಡಿಗೆಯ ಗ್ಯಾಸ್ ಒಲೆಯೊಂದನ್ನು ಬಿಟ್ಟರು. ಬಾಡಿಗೆ ಆರಂಭವಾಗುವ ದಿನವೇ ಅಲಾರಂ ಕೂಗುತ್ತದೆಯೇ ಎಂದು ಮಾಲೀಕನು ಪರೀಕ್ಷಿಸಬೇಕು; ತಪ್ಪಿ ನಡೆದರೆ 5,000 ಪೌಂಡುಗಳವರೆಗೆ ದಂಡ. ಗ್ಯಾಸಿನ ಸಲಕರಣೆಗಳಿಗೆ ವರ್ಷಕ್ಕೊಮ್ಮೆ, ವಿದ್ಯುತ್ ತಂತಿಗಳಿಗೆ ಐದು ವರ್ಷಕ್ಕೊಮ್ಮೆ ತಜ್ಞರ ತಪಾಸಣೆ ಬೇರೆ. ಆ ದೇಶವೂ ಕೆಟ್ಟಮೇಲೆ ಕಲಿತುದು ಬಹಳವಿದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡ ಹೊತ್ತಿ ಉರಿದಾಗ 72 ಮಂದಿ ಪ್ರಾಣ ಬಿಟ್ಟರು. ಬಡ ಬಾಡಿಗೆದಾರರ ಮಾತನ್ನು ಕೇಳುವವರಿಲ್ಲದಿರುವುದು ನಮ್ಮ ದೇಶದ ಕೊರತೆ ಮಾತ್ರವಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ರಾಜಧಾನಿಯಲ್ಲಿಯೂ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಬೆಂಕಿ ಹತ್ತಿ ಒಂಬತ್ತು ಮಂದಿ ಮಡಿದರು. ಅಲ್ಲಿ ಜನರನ್ನು ಬಲಿ ತೆಗೆದುಕೊಂಡದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಹೊಗೆಯನ್ನು ತಾಳಲಾರದೆ ಮೇಲಂತಸ್ತಿನ ಕಿಟಕಿಗಳಿಂದ ಹಾರಿದವರಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದರು. ಈ ಕಾಲಕ್ಕೆ ಆ ಗಾದೆಗೆ ಇನ್ನೊಂದು ಮಾತು ಕೂಡಿಸಬೇಕು: ಬಾವಿಗಿಂತಲೂ ಮುಂಚೆ ಬೇಕಾದುದು ನಿದ್ದೆಯಿಂದ ಎಬ್ಬಿಸುವ ದನಿ. ಮಲಗಿದವನ ಮೂಗೂ ಮಲಗಿರುತ್ತದೆ. ಹೊಗೆಯ ವಾಸನೆಯಿಂದ ತಾನೇ ಎಚ್ಚರವಾಗುವೆನೆಂದು ಯಾರೂ ನೆಚ್ಚುವಂತಿಲ್ಲ. ಅಮೆರಿಕದ ಲೆಕ್ಕಗಳನ್ನು ನೋಡಿದರೆ, ಮನೆಗಳ ಬೆಂಕಿಯಲ್ಲಿ ಸಾಯುವ ಐವರಲ್ಲಿ ಮೂವರು ಅಲಾರಂ ಇಲ್ಲದ, ಇಲ್ಲವೆ ಇದ್ದೂ ಕೆಲಸಮಾಡದ ಮನೆಗಳಲ್ಲಿ ಸಾಯುತ್ತಾರೆ. ಇದ್ದೂ ಕೆಲಸಮಾಡದ ಎಂಬ ಮಾತನ್ನು ವಾಚಕರು ಗಮನಿಸಬೇಕು.

ಹಾಗಾದರೆ ಬಾಡಿಗೆ ಕೊಡುವವರು ಮಾಡಬೇಕಾದುದೇನು? ನನ್ನ ಅಲ್ಪಮತಿಗೆ ತೋರಿದುದನ್ನು ಹೇಳುತ್ತೇನೆ.

ಮೊದಲನೆಯದು, ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ಬಯಲು ಗಾಳಿಯಾಡುವ ಗೋಡೆಯ ಮೇಲಿರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ. ಗವಾಕ್ಷಿಯನ್ನು ಮುಚ್ಚಲು ಬಾರದಂತೆ ಕಟ್ಟಿಸಬೇಕು. ಅಲಾರಂ ಇದಕ್ಕೆ ಬದಲಿಯಲ್ಲ. ಮಾನಾಕ್ಸೈಡಿನ ಅಲಾರಂ ಕಡೆಯ ಕಾವಲುಗಾರ. ಬಚ್ಚಲಿನ ಹಬೆ ತಾಗದಂತೆ ಅದನ್ನು ಬಾಗಿಲ ಹೊರಗಿನ ಗೋಡೆಗೆ ಹಾಕಬೇಕು.

ಎರಡನೆಯದು, ಹೊಗೆಯ ಅಲಾರಂ. ಹೊಗೆ ಮೇಲಕ್ಕೇಳುವುದರಿಂದ ಇದರ ಸ್ಥಾನ ಸೂರಿನಲ್ಲಿ. ಅಡಿಗೆಯ ಮನೆಯಲ್ಲಿಟ್ಟರೆ ಪ್ರತಿದಿನದ ಒಗ್ಗರಣೆಗೂ ಅರಚಿಕೊಳ್ಳುತ್ತದೆ. ಅರಚುವ ಅಲಾರಮಿನ ಬ್ಯಾಟರಿಯನ್ನು ಮೂರನೆಯ ದಿನ ಯಾರಾದರೂ ಕಿತ್ತೇ ಕೀಳುತ್ತಾರೆ. ಆದ್ದರಿಂದ ಮಲಗುವ ಕೋಣೆಯಲ್ಲಿಯೋ ಅದರ ಮುಂದಿನ ಓಣಿಯಲ್ಲಿಯೋ ಇರಬೇಕು. ಅಡಿಗೆಯ ಗ್ಯಾಸು ಸೋರಿದರೆ ಎಚ್ಚರಿಸುವ ಸಾಧನವಾದರೋ ನೆಲಕ್ಕೆ ಹತ್ತಿರವಿರಬೇಕು. ಏಕೆಂದರೆ ಆ ಗ್ಯಾಸು ಗಾಳಿಗಿಂತ ಭಾರ, ಕೆಳಗೆ ಹರಿದು ನಿಲ್ಲುತ್ತದೆ. ಅದಕ್ಕೆ ನಾವು ಗುರುತಿಸುವ ಗಬ್ಬು ವಾಸನೆ ಅದರದಲ್ಲ. ಸೋರಿದುದು ತಿಳಿಯಲೆಂದು ಕಂಪನಿಗಳವರು ಬೆರೆಸಿದ್ದು. ಸಿಲಿಂಡರಿಗೆ ತೋರಿಸಿದ ಆ ದಯೆಯನ್ನು ಕೊಠಡಿಗೂ ತೋರಿಸಬೇಡವೆ?

ಮೂರನೆಯದು, ವಿದ್ಯುತ್ತು. ಹಳೆಯ ಮನೆಗಳಲ್ಲಿ ಫ್ಯೂಸು ಹೋದಾಗ ಕೈಗೆ ಸಿಕ್ಕಿದ ದಪ್ಪ ತಾಮ್ರದ ಎಳೆಯನ್ನು ಸುತ್ತುವ ರೂಢಿಯುಂಟು. ಹಾಗೆ ಮಾಡಿದರೆ ಕರಗಬೇಕಾದ ಎಳೆ ಕರಗದೆ, ಗೋಡೆಯೊಳಗಿನ ತಂತಿಯೇ ಕಾಯುತ್ತದೆ. ಎಂ.ಸಿ.ಬಿ. ಹಾಕಿಸಿದರೆ ಈ ಅಪಾಯ ತಪ್ಪುತ್ತದೆ. ಆದರೆ ಅದು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಎಂಬ ಇನ್ನೊಂದು. ಒಳಗೆ ಹೋದ ವಿದ್ಯುತ್ತಿಗೂ ಹಿಂತಿರುಗಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಎಂದರೆ ಯಾರದೋ ಮೈಯ ಮೂಲಕ ವಿದ್ಯುತ್ತು ಭೂಮಿಗೆ ಹರಿಯುತ್ತಿದ್ದರೆ, ಅದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ಬಕೆಟ್ಟಿನಲ್ಲಿ ಕಾಯಿಲು ಇಳಿಬಿಟ್ಟು ನೀರು ಕಾಯಿಸುವ ನಮ್ಮಂಥ ವಿದ್ಯಾರ್ಥಿಗಳ ಕೊಠಡಿಗೆ ಇದು ಮೊದಲು ಬೇಕು. ಜೊತೆಗೆ ಅರ್ಥಿಂಗ್ ಸರಿಯಾಗಿರಬೇಕು.

ನಾಲ್ಕನೆಯದು, ಹೊರಗೆ ಹೋಗುವ ದಾರಿ. ನಮ್ಮ ಮನೆಯ ಮೆಟ್ಟಿಲಿನ ಬುಡದಲ್ಲಿ ಕಬ್ಬಿಣದ ಗೇಟು. ರಾತ್ರಿ ಹತ್ತಕ್ಕೆ ಅದಕ್ಕೆ ಬೀಗ. ಬೀಗದ ಕೈ ಕೆಳಗಿನ ಮನೆಯಲ್ಲಿ. ಕಿಟಕಿಗಳಿಗೆಲ್ಲ ಬಿಡಿಸಲಾಗದ ಸರಳು. ಗೇಟಿನ ಮೇಲೆ ಬಂದು ಹೋಗುವವರನ್ನು ನೋಡಲು ಒಂದು ಕ್ಯಾಮೆರಾ. ಕಳ್ಳನ ಭಯಕ್ಕೆ ಇಷ್ಟೆಲ್ಲ ಏರ್ಪಾಡು. ಕಳ್ಳನು ಬಂದರೆ ಹೋಗುವುದು ನಾಲ್ಕು ಹಳೆಯ ಮೊಬೈಲು. ಬೆಂಕಿ ಬಂದರೆ ಆ ಸರಳಿನ ಹಿಂದೆ ಸಿಕ್ಕಿಬೀಳುವವರು ನಾಲ್ವರು ಹುಡುಗರು. ಗೇಟಿನ ಒಂದು ಬೀಗದ ಕೈ ಬಾಡಿಗೆದಾರರ ಬಳಿಯೂ ಇರಬೇಕು. ಒಂದು ಕಿಟಕಿಯ ಸರಳಾದರೂ ಒಳಗಿನಿಂದ ತೆರೆಯುವಂತಿರಬೇಕು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಖರ್ಚು ಹೆಚ್ಚಿ ಬಾಡಿಗೆ ಏರುವುದೆಂಬುದು ಒಂದು. ಅಂಗಡಿಯಲ್ಲಿ ವಿಚಾರಿಸಿ ನೋಡಿದೆ. ಹೊಗೆಯದೊಂದು, ಮಾನಾಕ್ಸೈಡಿನದೊಂದು, ಎರಡೂ ಸೇರಿ ನಮ್ಮ ಒಂದು ತಿಂಗಳ ಬಾಡಿಗೆಯನ್ನು ಮೀರುವುದಿಲ್ಲ. ಅವು ಹಲವು ವರ್ಷ ಬಾಳುತ್ತವೆ. ಸುಣ್ಣಬಣ್ಣಕ್ಕೆಂದು ಪ್ರತಿಯೊಂದು ತಂಡದ ಹುಡುಗರಿಂದಲೂ ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವವರಿಗೆ ಇದು ಹೊರೆಯಾಗಲಾರದು. ಗೋಡೆಯ ಬಣ್ಣಕ್ಕಿರುವ ಮರ್ಯಾದೆ ಗೋಡೆಯೊಳಗಿನವರ ಉಸಿರಿಗೂ ಸಲ್ಲಲಿ.

ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ನಮ್ಮ ಯಜಮಾನರೂ ಇದನ್ನೇ ಅಂದರು. ಆಗಿಲ್ಲವೆಂಬುದಕ್ಕೆ ಅರ್ಥ ಅಪಾಯ ಇರಲಿಲ್ಲವೆಂದಲ್ಲ. ನಮಗಿಂತ ಹಿಂದಿನ ಹುಡುಗರು ಗವಾಕ್ಷಿಯನ್ನು ಮುಚ್ಚಿರಲಿಲ್ಲವೆಂದಷ್ಟೆ. ಬಾಡಿಗೆದಾರರು ವರ್ಷ ವರ್ಷವೂ ಬದಲಾಗುತ್ತಾರೆ. ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟುವುದಿಲ್ಲ. ಬದಲಾಗದೆ ನಿಲ್ಲುವವನು ಮಾಲೀಕನೊಬ್ಬನೇ. ಆದುದರಿಂದ ಅನುಭವವನ್ನು ಕೂಡಿಟ್ಟುಕೊಳ್ಳುವ ಹೊಣೆಯೂ ಅವನದೇ ಆಗಬೇಕೆಂದು ನಾನು ವಾದಿಸುತ್ತೇನೆ. ಮಾಲೀಕನ ಹೊಣೆ ಮೊದಲನೆಯದೆಂದು ನಾನು ಹೇಳುವುದಕ್ಕೆ ಕಾರಣ ಅವನು ಹಣವಂತನೆಂಬುದಲ್ಲ. ಮನೆಯನ್ನು ಬಲ್ಲವನು ಅವನು ಎಂಬುದು.

ಬಾಡಿಗೆದಾರರೇ ಅದನ್ನು ಹಾಳುಮಾಡುತ್ತಾರೆಂಬುದು ಮೂರನೆಯದು. ಇದರಲ್ಲಿ ಸತ್ಯಾಂಶವಿದೆ; ರಟ್ಟು ತುರುಕಿದ ಕೈಯಿಂದಲೇ ನಾನಿದನ್ನು ಬರೆಯುತ್ತಿದ್ದೇನೆ. ನಮ್ಮ ಪಾಲಿನ ಕರ್ತವ್ಯಗಳೂ ಇವೆ. ತಿಂಗಳಿಗೊಮ್ಮೆ ಅಲಾರಮಿನ ಗುಂಡಿಯನ್ನೊತ್ತಿ ಅದು ಕೂಗುವುದೇ ಎಂದು ನೋಡಬೇಕು. ಬ್ಯಾಟರಿಯನ್ನು ಕಿತ್ತು ಬೇರೆಯದಕ್ಕೆ ಹಾಕಕೂಡದು. ಒಂದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ, ಕಾಯಿಲು, ಮೊಬೈಲುಗಳನ್ನೆಲ್ಲ ಜೋತು ಹಾಕಬಾರದು. ಗ್ಯಾಸು ಸೋರಿದರೆ ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೂ, ಬೆಂಕಿಯಾದರೆ 112ಕ್ಕೂ ತಿಳಿಸಬೇಕು. ಎಲ್ಲಕ್ಕಿಂತ ಮೇಲಾಗಿ, ಕೊಠಡಿ ಹಿಡಿಯುವ ದಿನ ನೀರು ಬರುತ್ತದೆಯೇ ಎಂದು ಕೇಳುವ ನಾವು, ಗೀಸರು ಎಲ್ಲಿದೆ, ಗೇಟಿನ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನೂ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

ಕೇಳುವುದು ಅಷ್ಟು ಸುಲಭವಲ್ಲವೆಂಬುದನ್ನೂ ಹೇಳಬೇಕು. ಊರಿನಿಂದ ಬಂದ ಹುಡುಗನಿಗೆ ಕೊಠಡಿ ಸಿಕ್ಕುವುದೇ ಪುಣ್ಯ. ಜಾತಿ ಕೇಳುತ್ತಾರೆ, ಊಟ ಕೇಳುತ್ತಾರೆ, ಊರು ಕೇಳುತ್ತಾರೆ. ಎಲ್ಲಕ್ಕೂ ಉತ್ತರ ಕೊಟ್ಟು ಒಪ್ಪಿಗೆ ಪಡೆದವನಿಗೆ, ‘ನಿಮ್ಮ ಮನೆಯ ತಂತಿ ಭದ್ರವಾಗಿದೆಯೇ’ ಎಂದು ತಿರುಗಿ ಕೇಳುವ ನಾಲಗೆ ಎಲ್ಲಿಂದ ಬರಬೇಕು? ಆದಕಾರಣ ಅವನ ಪರವಾಗಿ ಕೇಳುವ ಇನ್ನೊಂದು ದನಿ ಬೇಕು. ಆ ದನಿ ನಮ್ಮ ಕಾಲೇಜಿನದಾಗಬಾರದೇಕೆ? ನಮ್ಮ ವಿದ್ಯಾರ್ಥಿಗಳು ಇರುವ ಕೊಠಡಿಗಳ ಒಂದು ಪಟ್ಟಿ ಮಾಡಿ, ಮೇಲೆ ಹೇಳಿದ ನಾಲ್ಕು ಅಂಶಗಳನ್ನು ರಾಷ್ಟ್ರೀಯ ಸೇವಾ ಯೋಜನೆಯ ಬಳಗದವರು ವರ್ಷಾರಂಭದಲ್ಲಿ ನೋಡಿಬಂದು, ಸರಿಯಾಗಿರುವ ಮನೆಗಳ ವಿವರವನ್ನು ಸೂಚನಾ ಫಲಕದಲ್ಲಿ ಹಾಕಬಹುದು. ಕೆಟ್ಟ ಮನೆಯನ್ನು ಹಳಿಯಬೇಕಾಗಿಲ್ಲ. ಒಳ್ಳೆಯದನ್ನು ಹೆಸರಿಸಿದರೆ ಸಾಕು, ಉಳಿದವು ತಾವಾಗಿ ದಾರಿಗೆ ಬರುತ್ತವೆ. ನಮ್ಮ ಗುರುವೃಂದದಲ್ಲಿಯೂ ಮನೆಗಳನ್ನು ಬಾಡಿಗೆಗೆ ಕೊಟ್ಟ ಹಿರಿಯರು ಕೆಲವರಿದ್ದಾರೆ. ಈ ಕಾರ್ಯ ಅವರ ಮಹಡಿಗಳಿಂದಲೇ ಆರಂಭವಾಗಲೆಂದು ವಿನಯದಿಂದ ಬೇಡುತ್ತೇನೆ. ಶಿಷ್ಯನ ಅಧಿಕಪ್ರಸಂಗವನ್ನು ಮನ್ನಿಸಬೇಕು.

ಇದು ಬರಿಯ ಒಂದು ಕೊಠಡಿಯ ಮಾತಲ್ಲ. ಸುದ್ದಿ ಹೇಗೋ ನಮ್ಮ ಊರಿಗೆ ಮುಟ್ಟಿ ಮಾರನೆಯ ದಿನವೇ ತಂದೆ ಬಂದರು. ಬಚ್ಚಲನ್ನು ನೋಡಿದರು, ಗೀಸರನ್ನು ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು, “ಓದಿದ್ದು ಸಾಕು ಮಗಾ, ನಡಿ ಊರಿಗೆ ಹೋಗಾನ. ಜೀವ ಇದ್ರೆ ಮುದ್ದೆ ಎಲ್ಲಾದ್ರೂ ಸಿಕ್ತದೆ” ಅಂದರು. ನಮ್ಮ ವಂಶದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ. ಅದಕ್ಕಾಗಿ ಹಸು ಮಾರಿದವರು ಅವರೇ. ಅವರನ್ನು ಒಪ್ಪಿಸಿ ಕಳುಹಿಸಲು ಒಂದು ದಿನ ಹಿಡಿಯಿತು. ನಾನು ಗಂಡುಮಗ, ಕೊನೆಯ ವರ್ಷ, ಆದ್ದರಿಂದ ಉಳಿದೆ. ನನ್ನ ತಂಗಿ ಈ ವರ್ಷ ಪಿ.ಯು.ಸಿ. ಮುಗಿಸುತ್ತಾಳೆ. ಅವಳನ್ನು ಪಟ್ಟಣಕ್ಕೆ ಕಳುಹಿಸುವ ಮಾತನ್ನು ಮನೆಯಲ್ಲಿ ಈಗ ಯಾರೂ ಎತ್ತುತ್ತಿಲ್ಲ. ಒಂದು ಗವಾಕ್ಷಿ ಮುಚ್ಚಿದುದರಿಂದ ಎಷ್ಟು ಬಾಗಿಲುಗಳು ಮುಚ್ಚಬಹುದೆಂಬುದನ್ನು ಬಲ್ಲವರು ಆಲೋಚಿಸಬೇಕು.

ಈಗ ನಮ್ಮ ಯಜಮಾನರು ಗೀಸರನ್ನು ಹೊರಗೋಡೆಗೆ ಹಾಕಿಸಿದ್ದಾರೆ. ಚಿಲಕವನ್ನೂ ಭದ್ರಮಾಡಿಸಿದ್ದಾರೆ. ಗೇಟಿನ ಬೀಗದ ಕೈಯ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಅಲಾರಂ ಎರಡನ್ನೂ ನಾವು ನಾಲ್ವರೇ ಹಣ ಕೂಡಿಸಿ ತಂದು ಹಾಕಿದೆವು. ಪರೀಕ್ಷೆ ಮುಗಿದು ಕೊಠಡಿ ಬಿಡುವಾಗ ಅವನ್ನು ಬಿಚ್ಚಿಕೊಂಡು ಹೋಗಬೇಕೇ ಬೇಡವೇ ಎಂದು ನಮ್ಮೊಳಗೆ ಚರ್ಚೆ ನಡೆಯಿತು. ಆಸ್ಪತ್ರೆ ಕಂಡುಬಂದ ಮಿತ್ರನೇ ತೀರ್ಪು ಕೊಟ್ಟ: ಅವು ಅಲ್ಲಿಯೇ ಇರಲಿ. ನಮ್ಮ ಬದಲು ಬರುವ ಹುಡುಗರು ಯಾವ ಊರಿನವರೋ, ಯಾರ ಮನೆಯ ಮೊದಲ ಪದವೀಧರರೋ ನಾವರಿಯೆವು. ಅವರು ಬರುವ ಹೊತ್ತಿಗೆ ಮುಂದಿನ ಕರಾರು ಪತ್ರದಲ್ಲಿ ಹದಿನೈದನೆಯ ಷರತ್ತೊಂದು ಸೇರಿರಬೇಕೆಂದು ಯಜಮಾನರನ್ನು ಕೇಳಿಕೊಂಡಿದ್ದೇವೆ: ಮನೆಯ ಎಚ್ಚರಿಕೆಯ ಗಂಟೆಗಳನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಹೊಣೆ. “ನೋಡೋಣಪ್ಪ” ಎಂದಿದ್ದಾರೆ. ನೋಡುತ್ತೇವೆ.